ತೆಪ್ಪದವನ ಅರ್ಜಿ

ತಿರುಮಕೂಡಲಿನಲ್ಲಿ ನಮ್ಮನ್ನು ಹೊಳೆ ದಾಟಿಸುತ್ತಿದ್ದ ತೆಪ್ಪದವನು ಪ್ರತಿ ಸಲವೂ "ಇದೇ ಕೊನೇದು ಸಾ, ರಟ್ಟೆ ಬಿದ್ದೋಯ್ತವೆ" ಅನ್ನುತ್ತಿದ್ದ. ದೋಣಿಯವರ ಸಂಘಕ್ಕೆ ಸೇರುವ ಅರ್ಜಿಯನ್ನು ಅವನಿಗೆ ನಾನೇ ಓದಿ ಹೇಳಿದೆ. ವಿಮೆ ಇದೆ, ಲೈಫ್ ಜಾಕೆಟ್ ಕೊಡುತ್ತಾರೆ, ಸರದಿ ಬಂದಾಗ ಮಾತ್ರ ಹುಟ್ಟು ಹಾಕಿದರೆ ಸಾಕು. ಅವನು ಕೇಳಿದ್ದು ಒಂದೇ.

"ಸರದಿ ಇಲ್ದಾಗ ಆ ದಡದೋರು ಕೂಗುದ್ರೆ ನಾನು ಓಗಂಗಿಲ್ವಾ ಸಾ?"

"ಇಲ್ಲ. ಸುಮ್ಮನೆ ಕೂತಿರಬಹುದು."

"ಅಬ್ಬಾ!" ಎಂದು ಉಸಿರುಬಿಟ್ಟು, ಅರ್ಜಿಯನ್ನು ಮಂಡಿ ಮೇಲಿಟ್ಟುಕೊಂಡು ಪೆನ್ನು ಕೇಳಿದ. ಹೆಸರಿನ ಮೊದಲ ಅಕ್ಷರ ಬರೆದಿದ್ದನಷ್ಟೆ, ಆ ದಡದಿಂದ ಯಾರೋ ಹೆಂಗಸು "ತೆಪ್ಪದಣ್ಣೋ" ಎಂದು ಕೂಗಿದಳು. ಅವನು ಪೆನ್ನನ್ನು ನನ್ನ ಕೈಗಿಟ್ಟು, ಭುಜ ನೀವಿಕೊಳ್ಳುತ್ತಾ ಎದ್ದ.

"ಇದೇ ಕೊನೇದು ಸಾ."

ಆ ಒಂದಕ್ಷರದ ಅರ್ಜಿ ಇವತ್ತಿಗೂ ನನ್ನ ಹತ್ತಿರವೇ ಇದೆ.