ಕೌದಿಯ ಮೇಲಿನ ಲಾರಿ

ಇವತ್ತು ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತನ್ನ ತೆಳ್ಳನೆಯ ಬೆಳ್ಳಿಬಣ್ಣದ ಲ್ಯಾಪ್‌ಟಾಪ್ ತೆರೆದು ಏನನ್ನೋ ತೋರಿಸುತ್ತಿದ್ದಳು. ಸ್ವಲ್ಪ ಹೊತ್ತು ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ಪರದೆಯ ಚಿತ್ರ ಎಡವತೊಡಗಿತು, ಫ್ಯಾನು ಹುಯ್ಯೆಂದಿತು, ಬಿಸಿಯಾದ ಧೂಳಿನ ವಾಸನೆ ಮೇಜಿನ ತುಂಬ ಹರಡಿತು. "ಸಾರಿ, ನಾನೇ ಏನೋ ತಪ್ಪು ಒತ್ತಿದೆ ಅನ್ಸುತ್ತೆ," ಎಂದು ಆಕೆ ಮುಖ ಸಣ್ಣದು ಮಾಡಿಕೊಂಡಳು. ಯಂತ್ರದ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡ ಆ ಮಾತಿಗೆ ನನಗೆ ನಮ್ಮ ಮಾವ ನೆನಪಾದರು.

ಮಾವ ಎಂದರೆ ನನ್ನ ಗಂಡನ ತಂದೆ. ಎಳೆಯ ವಯಸ್ಸಿನಲ್ಲೇ ಕಲಬುರ್ಗಿಯ ಕಡೆಯಿಂದ ಪುಣೆಗೆ ಬಂದು, ಭೋಸರಿಯ ಕಾರ್ಖಾನೆಯೊಂದರ ಬಸ್ಸನ್ನು ನಿವೃತ್ತಿಯಾಗುವವರೆಗೆ ಓಡಿಸಿದವರು. ನಾನು ಮೈಸೂರಿನವಳು. ಮದುವೆಯಾಗಿ ಪುಣೆಯ ಹಡಪಸರದ ಈ ಮನೆಗೆ ಬಂದ ಹೊಸದರಲ್ಲಿ ಅವರ 'ಭಾಳ', 'ಬರ್ರಿ' ಕೇಳಿ ನಾನು ನಗುತ್ತಿದ್ದೆ, ನನ್ನ 'ಕಣ್ರೀ' ಕೇಳಿ ಅವರು ನಗುತ್ತಿದ್ದರು. ಹಾಗಾಗಿ ಜಗಳಕ್ಕೆ ಆಸ್ಪದವಿರಲಿಲ್ಲ.

ನಮ್ಮ ಮನೆಯಲ್ಲೂ ಅಂಥದೇ ಒಂದು ಲ್ಯಾಪ್‌ಟಾಪ್ ಇತ್ತು, ನನ್ನದು. ಆಫೀಸಿನವರು ಕೊಟ್ಟದ್ದು ಇಟ್ಟಿಗೆಯಂತಿತ್ತು. ಸ್ವಂತಕ್ಕೊಂದು ಚೆಂದದ್ದಿರಲಿ ಎಂದು ಅಂಗಡಿಯಲ್ಲಿ ಎಲ್ಲಕ್ಕಿಂತ ತೆಳ್ಳಗಿದ್ದುದನ್ನೇ ಎತ್ತಿಕೊಂಡೆ. ಕಂಪ್ಯೂಟರಿನಿಂದಲೇ ಅನ್ನ ತಿನ್ನುವವಳು ಅದನ್ನು ಸೀರೆ ಆರಿಸುವ ಹಾಗೆ ಆರಿಸಿದೆ: ಬಣ್ಣ ನೋಡಿದೆ, ಅಂಚು ನೋಡಿದೆ, ಕೈಯಲ್ಲಿ ತೂಗಿ ನೋಡಿದೆ. ಆಟಗಳಿಗೂ ಬಲು ಚುರುಕು ಎಂದು ಅಂಗಡಿಯವನು ಹೇಳಿದ. ಮನೆಯಲ್ಲಿ ಅದು ಸುಮ್ಮನೆ ಬಿದ್ದಿರುವುದನ್ನು ನೋಡಲಾಗದೆ ನನ್ನ ಗಂಡ ಅದಕ್ಕೆ ಲಾರಿ ಓಡಿಸುವ ಆಟವೊಂದನ್ನು ಹಾಕಿ, ಊಟದ ಮೇಜಿನ ಮೇಲಿಟ್ಟುಕೊಂಡು ಅಪ್ಪನಿಗೆ ಕಲಿಸಿದರು.

ಅಲ್ಲಿಂದ ಮುಂದೆ ಮಾವನ ಮಧ್ಯಾಹ್ನಗಳೆಲ್ಲ ಆ ಲಾರಿಯಲ್ಲೇ ಕಳೆದವು. ಊಟ ಮುಗಿಸಿ ಮಂಚದ ಮೇಲೆ ಕೂತು, ಲ್ಯಾಪ್‌ಟಾಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆಯೇ ಗಾಡಿ ಚಾಲೂ. ಯಾವುದೋ ದೇಶದ ಹಿಮದ ರಸ್ತೆಯಲ್ಲಿ ಪ್ರತಿ ತಿರುವಿಗೂ ಹಾರ್ನ್ ಹೊಡೆಯುತ್ತಿದ್ದರು. ಅಲ್ಲಿ ಯಾರೂ ಹೊಡೆಯುವುದಿಲ್ಲ ಎಂದರೆ, "ಅದಕ್ಕ ನಾವರೆ ಹೊಡೀಬೇಕು," ಎನ್ನುತ್ತಿದ್ದರು. ಆಯುಧಪೂಜೆಯಂದು ಅದಕ್ಕೂ ಕುಂಕುಮ, ಚೆಂಡುಹೂವು. ಚಾರ್ಜರಿನ ತೂತಿನೊಳಗೆ ಹೋದ ಕುಂಕುಮವನ್ನು ಮರುದಿನ ನಾನು ಹಲ್ಲುಕಡ್ಡಿಯಿಂದ ಕೆದಕಿ ತೆಗೆದೆ.

ಅತ್ತೆ ಲ್ಯಾಪ್‌ಟಾಪಿನ ಕೆಳಗೆ ಕೌದಿ ಹಾಸಿಕೊಡುತ್ತಿದ್ದರು. ಹಳೆಯ ಸೀರೆಯ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ದಪ್ಪನೆಯ ಹೊದಿಕೆ ಅದು. ಕೂಸಾಗಲಿ, ಬೀಗರಾಗಲಿ, ಬೆಲೆಬಾಳುವ ವಸ್ತುವಾಗಲಿ, ಕೆಳಗೆ ಕೌದಿಯಿಲ್ಲದೆ ಕೂರಿಸುವುದು ಅವರ ಪದ್ಧತಿಯಲ್ಲ. "ತುಟ್ಟಿ ಸಾಮಾನ ಅದ, ಗೀರು ಬೀಳ್ತಾವ," ಎಂದು ಮಡಿಕೆ ಮಾಡಿ ಹಾಸುತ್ತಿದ್ದರಂತೆ. ನಾನು ಸಂಜೆ ಕೆಲಸದಿಂದ ಬರುವಷ್ಟರಲ್ಲಿ ಎರಡನ್ನೂ ಎತ್ತಿಟ್ಟಾಗಿರುತ್ತಿತ್ತು.

ಕೆಲವು ತಿಂಗಳಲ್ಲಿ ಮಾವ ಬದಲಾದರು. ಗೆಳೆಯರನ್ನು ಕಾಣಲು ಸ್ಕೂಟರಿನಲ್ಲಿ ಶಿವಾಜಿನಗರದವರೆಗೆ ಹೋಗಿಬರುತ್ತಿದ್ದವರು ರಿಕ್ಷಾ ಹತ್ತತೊಡಗಿದರು, ಆಮೇಲೆ ಹೋಗುವುದನ್ನೇ ಬಿಟ್ಟರು. ಸ್ಕೂಟರಿಗೆ ಮುಸುಕು ಬಿತ್ತು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ನನ್ನ ಗಂಡ ಒತ್ತಾಯ ಮಾಡಿ ಕೇಳಿದಾಗ ಬಾಯಿ ಬಿಟ್ಟರು.

"ಕೈ ಸತ್ತಾವಪ್ಪ. ನಾ ತಿರುಗಿಸೂದು ಒಂದ್ ಹೊತ್ತು, ಗಾಡಿ ತಿರುಗೂದು ಒಂದ್ ಹೊತ್ತು. ಆಟದಾಗ ಗೊತ್ತಾತು, ಪುಣ್ಯ. ರಸ್ತೆದಾಗ ಆಗಿದ್ರ ಯಾರರೆ ಸಾಯ್ತಿದ್ರು."

ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಮಾವ ನಂಬಲಿಲ್ಲ. ದಿನಾ ಆಟಕ್ಕೆ ಕೂತು ತಮ್ಮ ಕೈಯನ್ನು ತಾವೇ ಪರೀಕ್ಷಿಸಿಕೊಂಡು, ದಿನಾ ಸೋತು ಏಳುತ್ತಿದ್ದರು. ನಮಗೂ ಅನುಮಾನ ಬರಲಿಲ್ಲ ನೋಡಿ. ವಯಸ್ಸಾದವರು ಕೈ ಹೋಯಿತು ಎಂದರೆ ನಾವು ಅವರ ಕೈಯನ್ನೇ ನೋಡುತ್ತೇವೆ, ಕೈಯ ಕೆಳಗೇನಿದೆ ಎಂದು ನೋಡುವುದಿಲ್ಲ.

ಒಂದು ಶನಿವಾರ ಅತ್ತೆ ತಂಗಿಯನ್ನು ಕಾಣಲು ಭೋಸರಿಗೆ ಹೋಗಿದ್ದರು. ಮಾವ ಕೌದಿಯ ಮೇಲೆ ಚಹಾ ಚೆಲ್ಲಿದರು. ನಾನು ಅದನ್ನು ಒಗೆದು ಬಾಲ್ಕನಿಯಲ್ಲಿ ಹರವಿ, ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ, ಕೆಳಗೆ ಗಾಳಿಯಾಡಲೆಂದು ಎರಡು ಸಣ್ಣ ಬಟ್ಟಲು ಕೊಟ್ಟು ಇರಿಸಿದೆ. ಲಾರಿ ಹೊರಟಿತು. ಬೆಟ್ಟ ಹತ್ತಿತು, ಇಳಿಯಿತು, ಊರುಗಳನ್ನು ದಾಟಿತು, ಎಲ್ಲಿಯೂ ಎಡವಲಿಲ್ಲ. ಮಾವ ಆಟ ನಿಲ್ಲಿಸಿ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು.

"ಇದೇನವಾ, ಇವತ್ತ ಕೈ ಛಲೋ ಅದಾವ."

ನಾನು ಲ್ಯಾಪ್‌ಟಾಪಿನ ತಳ ಮುಟ್ಟಿದೆ. ಬೆಚ್ಚಗಿತ್ತು, ಅಷ್ಟೆ. ಒಣಗುತ್ತಿದ್ದ ಕೌದಿಯತ್ತ ನೋಡಿದೆ. ಇಷ್ಟು ತೆಳ್ಳನೆಯ ಮೈಯಲ್ಲಿ ಬಿಸಿಗೆ ಜಾಗವಿಲ್ಲ ಮಾವ, ಗಾಳಿ ತಳದಿಂದ ಬರಬೇಕು, ಅದು ಮುಚ್ಚಿಹೋದರೆ ಸುಟ್ಟುಹೋಗಬಾರದೆಂದು ಯಂತ್ರ ತಾನೇ ನಿಧಾನವಾಗುತ್ತದೆ, ಎಂದು ಹೇಗೋ ಬಿಡಿಸಿ ಹೇಳಿದೆ.

"ಅಂದ್ರ ರೇಡಿಯೇಟರ್ ಮುಚ್ಚಿ ಗಾಡಿ ಓಡಿಸಿದಂಗ?"

"ಹೌದು ಮಾವ. ನಿಮ್ಮ ಕೈಗೆ ಏನೂ ಆಗಿಲ್ಲ."

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ಘಾಟಿನಾಗ ಎಷ್ಟ ಸಲ ಇಂಜಿನ್ನಿಗೆ ನೀರು ಹಾಕೀನಿ. ಇದೊಂದು ತಿಳೀಲಿಲ್ಲೇನು ನನಗ," ಎಂದು ಕುರ್ಚಿಯಲ್ಲೇ ಕುಸಿದು ಕೂತರು.

ಸಂಜೆ ಅತ್ತೆ ಬಂದಾಗ ನಾನೇ ಸಡಗರದಿಂದ ಎಲ್ಲ ಹೇಳಿದೆ. ಪಾಪ, ಅವರಿಗೆ ನೋವಾದೀತು, ಪ್ರೀತಿಯಿಂದ ಹಾಸಿದ್ದಲ್ಲವೇ, ಎಂದು ಸಮಾಧಾನದ ಮಾತುಗಳನ್ನೂ ಸಿದ್ಧ ಮಾಡಿಕೊಂಡಿದ್ದೆ. ಅತ್ತೆ ಚೀಲ ಕೆಳಗಿಟ್ಟರು.

"ನನಗ ಗೊತ್ತಿತ್ತು."

ಮಾವ ತಲೆಯೆತ್ತಿದರು. "ಗೊತ್ತಿದ್ದೂ ಹಾಸಿದಿ?"

"ಹಾಸಿದೆ. ಟೇಬಲ್ ಮ್ಯಾಲಿದ್ದಾಗ ಛಲೋ ಓಡ್ತಿತ್ತು, ಕೌದಿ ಮ್ಯಾಲ ಬಂದ ಮ್ಯಾಲ ನಿಂತ ನಿಂತ ಓಡ್ತಿತ್ತು. ಎತ್ತಿಡಾಕ ಹೋದ್ರ ತಳ ತವಾ ಆಗಿರ್ತಿತ್ತು. ಈ ಊರಿನ ರಸ್ತೆದಾಗ ನೀವು ಸ್ಕೂಟರ್ ತಗೊಂಡು ಹೋದ್ರಂದ್ರ ಬರೂತನಕ ನಾ ಬಾಗಲಾ ಬಿಟ್ಟು ಸರೀತಿರಲಿಲ್ಲ. ಬಿಡ್ರಿ ಅಂದ್ರ ನನ್ನ ಮಾತು ಕೇಳ್ತಿದ್ರೇನು? ನಿಮ್ಮ ಕೈ ಹೇಳಿದ್ರಷ್ಟ ಕೇಳ್ತೀರಿ. ಕೈ ಕಡೀಂದ ಹೇಳಿಸಿದೆ."

ಮಾವ ಉಣ್ಣದೆ ತಾನುಣ್ಣದ ಈ ಹೆಂಗಸು, ಎರಡೂ ಕೈಯಲ್ಲಿ ಕಪ್ಪು ಹಿಡಿದ ಗಂಡನಿಗೆ ದಿನಾ ಚಹಾ ಕೊಡುತ್ತ, ದಿನಾ ಕೌದಿ ಹಾಸಿದ್ದಾರೆ. ಇಷ್ಟು ಕಠಿಣ ಮನಸ್ಸೇ ಎಂದು ಅವರ ಮುಖ ನೋಡಲೂ ಹೆದರಿಕೆಯಾಯಿತು.

ಮಾವ ಮೆಲ್ಲಗೆ ಹೇಳಿದರು: "ಕೈ ಮೊದಲ ಹೋಗ್ಯಾವ, ಇನ್ನ ಉಳಿದದ್ದೂ ಹೋಗ್ತದ, ನಾ ಸಾಯಾಕ ಹತ್ತೀನಿ ಅಂತ ತಿಳ್ಕೊಂಡಿದ್ದೆ."

ಅತ್ತೆ ಅದನ್ನು ಎಣಿಸಿರಲಿಲ್ಲ. ಅವರು ಕಸಿಯಲು ಹೊರಟದ್ದು ಸ್ಕೂಟರನ್ನು ಮಾತ್ರ. ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ಎಷ್ಟೋ ದಿನ ಅವರಿಬ್ಬರ ನಡುವೆ ಮಾತು ನನ್ನ ಮೂಲಕವೇ ನಡೆಯಿತು.

ಈಗ ಮಾವ ಮತ್ತೆ ಸ್ಕೂಟರ್ ಓಡಿಸುತ್ತಾರೆ. ಅತ್ತೆ ಬೇಡವೆನ್ನುವುದಿಲ್ಲ. ಇವತ್ತು ನಾನು ಮನೆಗೆ ಬಂದಾಗ ಅವರು ಬಾಗಿಲಲ್ಲಿ ನಿಂತಿದ್ದರು. ಮಾವ ಶಿವಾಜಿನಗರಕ್ಕೆ ಹೋದವರು ಇನ್ನೂ ಬಂದಿರಲಿಲ್ಲ, ಫೋನು ಎತ್ತುತ್ತಿರಲಿಲ್ಲ. ನಾನೂ ಪಕ್ಕದಲ್ಲಿ ನಿಂತೆ. ದೊಡ್ಡ ರಸ್ತೆಯ ಕಡೆ ಆಂಬುಲೆನ್ಸ್ ಕೂಗಿತು. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು, ಬಿಡಲಿಲ್ಲ. ಕೊನೆಗೆ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಟ್ರಾಫಿಕ್ಕು ಎಂದು ಗೊಣಗುತ್ತ ಮಾವ ಮೆಟ್ಟಿಲು ಹತ್ತಿ ಬಂದರು.

ಅಲ್ಲಿ ಕಾಯುತ್ತ ನಿಂತಿದ್ದಷ್ಟು ಹೊತ್ತೂ ಒಳಗೆ ಮಂಚದ ಮೇಲೆ ಮಡಿಸಿಟ್ಟಿದ್ದ ಕೌದಿಯತ್ತ ನನ್ನ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು, ಅತ್ತೆ ಅದನ್ನು ಹಾಸಿದ್ದೇ ಸರಿಯೇನೋ ಅನ್ನಿಸುತ್ತಿತ್ತು. ನನ್ನನ್ನು ಕಂಡು ನನಗೇ ಹೆದರಿಕೆಯಾಗಿದೆ. ನಿಮಗಲ್ಲದೆ ಇದನ್ನು ಯಾರಿಗೂ ಹೇಳಿಲ್ಲ.