ಸತುವಿನ ಮೇಲಿನ ಶಿಲುಬೆ

1804ರ ಚಳಿಗಾಲ. ಟಿಚಿನೊ ನದಿಯ ಮಂಜು ಪಾವಿಯಾ ಪಟ್ಟಣದ ಬೀದಿಗಳನ್ನು ಇನ್ನೂ ಬಿಟ್ಟಿಲ್ಲ. ಒರ್ಸೊಲಾ ಆಗಲೇ ವಿಶ್ವವಿದ್ಯಾಲಯದ ಪ್ರಯೋಗದ ಕೋಣೆಯ ಬೀಗ ತೆಗೆದಿದ್ದಾಳೆ. ಉಣ್ಣೆಯ ಚೂರುಗಳನ್ನು ಉಪ್ಪುನೀರಿನಲ್ಲಿ ಹಾಕಿ, ಹತ್ತು ಸಲ 'ನಮೋ ಮರಿಯೆ' ಪ್ರಾರ್ಥನೆ ಹೇಳಿ ಮುಗಿಸಿ, ಒಂದೊಂದನ್ನೇ ಹಿಂಡುತ್ತಾಳೆ. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಒದ್ದೆ ಉಣ್ಣೆ. ಮತ್ತೆ ಬೆಳ್ಳಿ, ಸತು, ಉಣ್ಣೆ. ಅರವತ್ತು ಜೋಡಿ ಏರಿದರೆ ವಿದ್ಯುತ್ತು ಹುಟ್ಟಿಸುವ ಮೊಳದೆತ್ತರದ ಕಂಬ. ಹಿಂಡುವುದು ತಪ್ಪಿ ನೀರು ಪಕ್ಕದಲ್ಲಿ ಇಳಿದರೆ ಕಂಬ ಸತ್ತಂತೆಯೇ.

ಕೊನೆಗೆ ಕೈಗಳನ್ನು ಒದ್ದೆ ಮಾಡಿಕೊಂಡು, ಒಂದನ್ನು ಬುಡಕ್ಕೆ, ಇನ್ನೊಂದನ್ನು ತುದಿಗೆ ಮುಟ್ಟಿಸುತ್ತಾಳೆ. ಮೊಣಕೈವರೆಗೆ ಜುಮ್ಮೆನ್ನುತ್ತದೆ.

"ನಮ್ಮೆಜಮಾನ್ರು ಹೋದ್ಮೇಲೆ ನನ್ನ ಕೈ ಹಿಡಿದು ಎಳೆಯೋದು ಇದೊಂದೇ," ಎಂದು ತನ್ನಷ್ಟಕ್ಕೇ ನಗುತ್ತಾಳೆ.

ಗಂಡ ಗೌದೆನ್ಸಿಯೊ ತಗಡುಗಾರ. ಈ ಬಿಲ್ಲೆಗಳನ್ನೆಲ್ಲ ಕತ್ತರಿಸಿ, ಒಂದೊಂದರ ಮೇಲೂ ಪುಟ್ಟ ಶಿಲುಬೆ ಒತ್ತಿದವನು. ಎರಡು ವರ್ಷದ ಹಿಂದೆ, ಭತ್ತದ ಗದ್ದೆಗಳ ಕಡೆಯಿಂದ ಬರುವ ಜ್ವರದಲ್ಲಿ ದೇವರು ಅವನನ್ನು ಕರೆಸಿಕೊಂಡ. ಮಕ್ಕಳಿಲ್ಲ. ಒರ್ಸೊಲಾಗೆ ಉಳಿದಿರುವುದು ಈ ಕೆಲಸ, ಈ ಶಿಲುಬೆಗಳು. ಕಂಬದ ಸತುವಿನ ಮೇಲೆ ಈಗ ಅವೂ ಇಲ್ಲ.

ಇಂದು ಉಪಾಧ್ಯಾಯ ಬಿಯಾಜೊ ಬೇಗ ಬಂದಿದ್ದಾನೆ. ಕಂಬದ ತುದಿಯ ತೆಳ್ಳಗಾದ ಸತುವಿನ ಬಿಲ್ಲೆಯನ್ನು ಎತ್ತಿ ಹಿಡಿಯುತ್ತಾನೆ.

"ಏನಮ್ಮಾ, ಬೂದಿ ಹಾಕಿ ಉಜ್ಜಿ ಉಜ್ಜಿ ಇದನ್ನ ತಿಂದೇ ಹಾಕಿದ್ದೀಯಲ್ಲ! ಪೊಲೆಂಟಾ ಗಂಜಿ ಪಾತ್ರೆ ಅನ್ಕೊಂಡ್ಯಾ? ಈ ಕೆಲಸಕ್ಕೆ ಬೇರೆಯವರನ್ನ ನೋಡ್ಬೇಕಾಗತ್ತೆ."

"ಬೆಳ್ಳೀನೂ ಇದೇ ಕೈಯಲ್ಲೇ ಉಜ್ಜೋದು ಸ್ವಾಮಿ. ಅದರ ಶಿಲುಬೆ ನೋಡಿ, ಹಂಗೇ ಇದೆ."

"ಸತು ಮೆದು."

ಒರ್ಸೊಲಾ ಸೊಂಟಕ್ಕೆ ಕಟ್ಟಿದ ಮುಂಬಟ್ಟೆಯ ಜೇಬಿನಿಂದ ಇನ್ನೊಂದು ಸತುವಿನ ಬಿಲ್ಲೆ ತೆಗೆಯುತ್ತಾಳೆ. ಗಂಡ ಕತ್ತರಿಸಿದವುಗಳಲ್ಲಿ ಒಂದು ಹೆಚ್ಚಾಗಿತ್ತು. ಅದು ಕಂಬ ಸೇರಿಲ್ಲ. ಅದರ ಶಿಲುಬೆ ನಿನ್ನೆ ಒತ್ತಿದಂತಿದೆ.

"ಇದನ್ನೂ ದಿನಾ ಉಜ್ತೀನಿ, ಅದೇ ಬೂದೀಲಿ. ಕಂಬದೊಳಗೆ ಕೂತು ಕೆಲಸ ಮಾಡೋ ಸತು ಮಾತ್ರ ಸವೆಯೋದು."

"ಲೋಹಕ್ಕೆ ಲೋಹ ತಾಗಿದ್ರೆ ಸಾಕು, ಶಕ್ತಿ ಹುಟ್ಟತ್ತೆ ಅಂತಾರೆ ಈ ಕಂಬ ಮೊದಲು ಕಟ್ಟಿದ ನಮ್ಮ ಗುರುಗಳು. ಉಪ್ಪುನೀರು ಅದು ಹರಿಯೋಕೆ ಬರೀ ದಾರಿ."

"ಬರೀ ದಾರಿ ಆದ್ರೆ, ಸತುವನ್ನ ತಿಂದೋರ್ಯಾರು?"

ಬಿಯಾಜೊ ಎರಡೂ ಬಿಲ್ಲೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾನೆ. "ಇದನ್ನೇ ಕಂಬಕ್ಕೆ ಹಾಕಿ, ಇದೂ ಸವೆಯತ್ತಾ ನೋಡಿದ್ರೆ ಗೊತ್ತಾಗತ್ತೆ," ಎಂದವನು ಅವಳ ಮುಖ ನೋಡಿ ದನಿ ತಗ್ಗಿಸುತ್ತಾನೆ. "ಬೇಡ ಬಿಡು. ನಿನ್ನ ಹತ್ರಾನೇ ಇರ್ಲಿ."

ಅವಳು ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಶಿಲುಬೆಗೆ ಮುತ್ತಿಡುತ್ತಾಳೆ. ಆಮೇಲೆ ಅದನ್ನು ಕಂಬದ ತುದಿಯ ಬೆಳ್ಳಿಯ ಮೇಲಿಟ್ಟು, ಒದ್ದೆ ಉಣ್ಣೆ ಮುಚ್ಚಿ, ಮೇಲೊಂದು ಜೋಡಿ ಏರಿಸುತ್ತಾಳೆ.

"ಜೇಬಲ್ಲಿರ್ಲಿ ಅಂತ ನಮ್ಮೆಜಮಾನ್ರು ಮಾಡಿದ್ದಲ್ಲ ಇದು. ಈಸ್ಟರ್ ಹೊತ್ತಿಗೆ ತೆಗೆದು ನೋಡಿ. ನನ್ನ ಹೆಸರು ಬೇಡ ಸ್ವಾಮಿ. ಸವೆಸಿದ್ದು ಉಜ್ಜಿದ ಕೈ ಅಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಬರೆದಿಟ್ರೆ ಸಾಕು."