ಪಕ್ಕದ ಮನೆಯಲ್ಲಿ ಕೋವಿ ಇದೆಯಾ ಎಂದು ಕೇಳಲು ಹೋದದ್ದು

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅಮೆರಿಕದ ವಾಲ್ನಟ್ ಕ್ರೀಕಿನಲ್ಲಿ ಮಗಳ ಮನೆಯಲ್ಲಿದ್ದೆ. ಯಾವುದೋ ಊರಿನಲ್ಲಿ ಒಬ್ಬ ಶಾಲೆಗೆ ನುಗ್ಗಿ ಮಕ್ಕಳ ಮೇಲೆ ಗುಂಡು ಹಾರಿಸಿದನಂತೆ. ವಾರವಿಡೀ ಟೀವಿಯಲ್ಲಿ ಅದೇ. ಕೋವಿ ಮಾರುವುದಕ್ಕೆ ಕಟ್ಟುನಿಟ್ಟು ಬೇಕೆಂದು ಕೆಲವರು, ಬೇಡವೆಂದು ಕೆಲವರು. ಭಾಷೆ ತಿಳಿಯದಿದ್ದರೂ ಜಗಳ ತಿಳಿಯುತ್ತದೆ.

ಒಂಬತ್ತು ವರ್ಷದ ಮೊಮ್ಮಗಳು ಶಾಲೆ ಮುಗಿಸಿ ದಿನಾ ಪಕ್ಕದ ಮನೆಗೆ ಆಡಲು ಹೋಗುತ್ತಿದ್ದಳು. ಅಲ್ಲೂ ಒಬ್ಬ ಅಜ್ಜಿ, ಇವಳ ವಯಸ್ಸಿನದೇ ಒಬ್ಬ ಮೊಮ್ಮಗಳು.

"ಆ ಮನೇಲಿ ಕೋವಿ ಐತಾ?" ಎಂದು ಮಗಳನ್ನು ಕೇಳಿದೆ.

"ಅಯ್ಯೋ ಅಮ್ಮ, ಇಲ್ಲಿ ಹಾಗೆಲ್ಲ ಕೇಳಬಾರದು. ರೂಡ್ ಅಂದ್ಕೋತಾರೆ."

"ಹೆಣ್ಣು ಕೊಡೋ ಮನೇಲಿ ಬಾವಿ ಎಷ್ಟು ದೂರ ಅಂತ ಕೇಳ್ತೀವಿ. ಇದನ್ನ ಕೇಳಬಾರದಾ?"

ಮಾರನೇ ಮಧ್ಯಾಹ್ನ ಮಗಳು ಆಫೀಸಿನಲ್ಲಿದ್ದಾಗ, ಒಂದು ತಟ್ಟೆ ಕೋಡುಬಳೆ ಹಿಡಿದು, ನನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಮೊಮ್ಮಗಳನ್ನು ಕರೆದುಕೊಂಡು ಹೋದೆ.

ಕೋವಿ ಇದೆಯಾ ಎಂದು ಕೇಳಿಸಿದರೆ ಆ ಮನೆಯ ಅಜ್ಜಿ ಬೇಸರಪಡಲಿಲ್ಲ. ಮಲಗುವ ಕೋಣೆಯ ಕಪಾಟು ತೋರಿಸಿ, ಸತ್ತ ಗಂಡನ ಕೋವಿ ಅದರಲ್ಲಿದೆ, ಬೀಗ ಹಾಕಿದೆ ಎಂದಳು. ನಾನೂ ಹೇಳಿದೆ: ಹಂದಿ ಓಡಿಸಲು ನಮ್ಮಪ್ಪನಿಗೂ ಲೈಸೆನ್ಸಿನ ಕೋವಿಯಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಿತ್ತು.

ಆಕೆ ಕಣ್ಣರಳಿಸಿದಳು.

"ಅಜ್ಜಿ, ಪೊಲೀಸು ಕೇಳಿದ್ರೆ ಸುಮ್ನೆ ಕೊಟ್ಬಿಡೋದಾ ಅಂತ ಕೇಳ್ತಿದ್ದಾರೆ," ಎಂದಳು ಮೊಮ್ಮಗಳು.

"ಕೊಡದೆ ಇನ್ನೇನ್ ಮಾಡ್ತಾರೆ?"

"ಆಗ ಹಂದಿ ಬಂದ್ರೆ ಅಂತಾರೆ."

"ಬರ್ತಿದ್ವು. ಕಡಲೆಕಾಯಿ ಬಗೆದು ತಿಂದು ಹೋಗ್ತಿದ್ವು." ಸುಳ್ಳು ಯಾಕೆ ಹೇಳಲಿ?

ಆಕೆ ಗೆದ್ದವಳಂತೆ ಚಪ್ಪಾಳೆ ತಟ್ಟಿ ನಕ್ಕಳು. ಕೋವಿಗೆ ಕಾನೂನೇ ಬೇಡ, ಯಾವ ಸರ್ಕಾರ ಕೇಳಿದರೂ ತಾನು ಕೊಡುವುದಿಲ್ಲವಂತೆ. ನನಗೆ ಅದೇ ವಿಚಿತ್ರ. ನಮ್ಮಪ್ಪನಿಗೆ ಹಂದಿಗಿಂತ ಠಾಣೆಯ ಭಯವೇ ಹೆಚ್ಚಾಗಿತ್ತು.

"ಬೀಗದಕೈ ಎಲ್ಲೈತೆ ಕೇಳೇ," ಎಂದೆ.

ತನ್ನೊಬ್ಬಳಿಗೇ ಗೊತ್ತು ಎಂದಳು ಆಕೆ. ನೆಲದ ಮೇಲೆ ಕೂತು ಕೋಡುಬಳೆ ಕಡಿಯುತ್ತಿದ್ದ ಅವಳ ಮೊಮ್ಮಗಳು ತಲೆಯೆತ್ತದೆ ಏನೋ ಅಂದಳು. ನನ್ನವಳು ಕನ್ನಡದಲ್ಲಿ ಹೇಳಿದಳು: "ಹೊಲಿಗೆ ಡಬ್ಬೀಲಿ ಇದೆಯಂತೆ ಅಜ್ಜಿ, ಬಟನ್ಸ್ ಕೆಳಗೆ."

ಆಕೆಯ ನಗು ನಿಂತಿತು. ಎದ್ದುಹೋಗಿ ಡಬ್ಬಿ ತಂದು, ಗುಂಡಿಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡು, ಬೀಗದಕೈ ಹೆಕ್ಕಿ ಜೇಬಿಗೆ ಹಾಕಿಕೊಂಡಳು.

ಕಾನೂನು ಬೇಡವೆನ್ನುವ ಮಾತನ್ನು ಆಕೆ ಬಿಡಲಿಲ್ಲ. ನಾನು ಬಿಡಿಸಲೂ ಹೋಗಲಿಲ್ಲ. ನಾಳೆಯಿಂದ ಆಟ ನಮ್ಮನೆಯಲ್ಲಿ ಎಂದಷ್ಟೇ ಹೇಳಿಸಿದೆ. ಮರುದಿನ ಮೂರೂವರೆಗೆ ಆಕೆಯೇ ತನ್ನ ಮೊಮ್ಮಗಳ ಕೈಹಿಡಿದು ನಮ್ಮನೆಗೆ ಕರೆತಂದು ಬಿಟ್ಟಳು.